ಅಚ್ಚಣ್ಣನ ಇಪ್ಪತ್ತೆರಡು ನಿಮಿಷ

ಮಕ್ಕಳ ಪ್ಲಾಸ್ಟಿಕ್ ಕುರ್ಚಿ, ಇಪ್ಪತ್ತು ಸಾವಿರ. ಅಷ್ಟು ದೊಡ್ಡ ಆರ್ಡರನ್ನು ಬೇಡವೆನ್ನಲು ಯಜಮಾನರು ಫೋನ್ ಕೈಗೆತ್ತಿಕೊಂಡರು. ಬೆಳಗಿನಿಂದ ಮೂರು ಸಲ ಲೆಕ್ಕ ಹಾಕಿಸಿದರೂ ಕಂಪ್ಯೂಟರು ಹತ್ತೊಂಬತ್ತು ದಿನಕ್ಕಿಂತ ಕೆಳಗಿಳಿದಿರಲಿಲ್ಲ. ಗಿರಾಕಿಗೆ ಹದಿನಾಲ್ಕರಲ್ಲಿ ಬೇಕು ಎಂದು ಅವರೇ ಹೇಳಿದ್ದರು.

ಯಂತ್ರಕ್ಕೆ ಅಚ್ಚು ಕೂರಿಸುವ ಹಿರಿಯ ಫಿಟ್ಟರ್, ಎಲ್ಲರ ಬಾಯಲ್ಲೂ ಅಚ್ಚಣ್ಣ, ಪರದೆಯಿಂದ ಕಣ್ಣು ಕೀಳಲಿಲ್ಲ. ಅಲ್ಲಿ ಅವರದೇ ಕಾರ್ಖಾನೆಯ ನಕಲು ಓಡುತ್ತಿತ್ತು. ಹತ್ತೊಂಬತ್ತು ದಿನದ ಕೆಲಸ ಎರಡೇ ನಿಮಿಷದಲ್ಲಿ. ನಡೆಯುವ ಯಂತ್ರ ಹಸಿರು, ಸುಮ್ಮನೆ ನಿಂತದ್ದು ಕೆಂಪು. ಅಚ್ಚು ಬದಲಿಸುವ ಹೊತ್ತು ಬಂದಾಗಲೆಲ್ಲ ಕೆಂಪೋ ಕೆಂಪು.

"ಅಚ್ಚು ಬದಲಿಸೋಕೆ ಎಷ್ಟು ಹಾಕಿದ್ದೀಯಮ್ಮ?" ಎಂದು ಅದನ್ನು ನಡೆಸುತ್ತಿದ್ದ ಪ್ಲಾನಿಂಗ್ ಹುಡುಗಿಯನ್ನು ಕೇಳಿದ.

"ನಲವತ್ತು ನಿಮಿಷ. ನೀವೇ ಹೇಳಿದ್ದಲ್ವಾ, ಅಚ್ಚಣ್ಣ?"

ಹೇಳಿದ್ದು ನಿಜ. ಹಿಂದೊಮ್ಮೆ ಬೋಲ್ಟು ಕಚ್ಚಿಕೊಂಡು ತಡವಾಗಿ ಎಲ್ಲರೆದುರು ಬೈಸಿಕೊಂಡಿದ್ದ. ಅಂದಿನಿಂದ ಯಾರು ಕೇಳಿದರೂ ನಲವತ್ತು. ಬೇಗ ಮುಗಿದರೆ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸುತ್ತಾ ನಿಲ್ಲುತ್ತಿದ್ದ. ಈಗ ಬಾಯಿಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಆರ್ಡರೇ ಹೋಗುತ್ತದೆ.

"ಇಪ್ಪತ್ತೆರಡು ಹಾಕು," ಎಂದ, ನೆಲ ನೋಡುತ್ತಾ.

ಹುಡುಗಿ ಅಂಕಿ ತಿದ್ದಿದಳು. ಹದಿನೇಳೂವರೆ ದಿನ. ಯಜಮಾನರ ಬೆರಳು ಫೋನಿನ ಮೇಲೆಯೇ ನಿಂತಿತು. ಆಗ ಸುತ್ತ ನಿಂತವರಲ್ಲಿ ಬಣ್ಣ ಬೆರೆಸುವಾಕೆ ಕೆಮ್ಮಿದಳು. ಬಣ್ಣ ಬದಲಿಸಲು ತಾನು ಹೇಳಿದ್ದ ಒಂದು ಗಂಟೆಯಲ್ಲಿ ಉಸಿರಾಡಲು ಒಂದಿಷ್ಟು ಜಾಗ ಇಟ್ಟುಕೊಂಡಿದ್ದಳಂತೆ, ಅರ್ಧ ಗಂಟೆ ಸಾಕಂತೆ. ಪ್ಯಾಕಿಂಗ್ ಮೇಸ್ತ್ರಿ ತನ್ನ ಲೆಕ್ಕದಲ್ಲೂ ಮೂರರಲ್ಲೊಂದು ಪಾಲು ಬರೀ ಗಾಳಿ ಎಂದು ಒಪ್ಪಿಕೊಂಡ. ಒಬ್ಬೊಬ್ಬರು ಬಾಯಿಬಿಟ್ಟಂತೆ ಪರದೆ ಹಸಿರಾಗುತ್ತಾ ಹೋಯಿತು. ಯಾರೋ ಕಿಸಕ್ಕೆಂದರು. ಆಮೇಲೆ ಯಾರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ನಿಂತದ್ದು ಹದಿಮೂರು ದಿನಕ್ಕೆ.

ಯಜಮಾನರು ಮಾತ್ರ ನಗಲಿಲ್ಲ. ಅವರು ಫೋನ್ ಕೆಳಗಿಟ್ಟು ಕನ್ನಡಕ ತೆಗೆದದ್ದು ಕಂಡು, ಬೈಗುಳ ಬಂತೆಂದು ಅಚ್ಚಣ್ಣ ಮೈ ಬಿಗಿಹಿಡಿದ.

"ಹಾಗಾದ್ರೆ ನಂದೂ ಒಂದಿದೆ," ಎಂದರು ಅವರು, ಮೆಲ್ಲಗೆ. "ಗಿರಾಕಿ ಕೊಟ್ಟಿರೋದು ಹದಿನೇಳು ದಿನ."

ಈ ಸಲದ ನಗು ಅಂಗಳದ ಲಾರಿಯವರಿಗೂ ಕೇಳಿಸಿತು. ಅದು ಅಡಗಿದ ಮೇಲೆ ಹುಡುಗಿ ಕೀಲಿಮಣೆಯ ಮೇಲೆ ಬೆರಳಿಟ್ಟು ಅಚ್ಚಣ್ಣನ ಮುಖ ನೋಡಿದಳು. ಅವನು ಬೇಡವೆಂಬಂತೆ ತಲೆಯಾಡಿಸಿದ.

ಯಜಮಾನರ ಹದಿನಾಲ್ಕು, ಆ ಒಂದು ಅಂಕಿಯನ್ನು ಅವಳು ತಿದ್ದಲಿಲ್ಲ.