ಕೊನೆಯ ಹತ್ತು ನಿಮಿಷ

ಪ್ರೇಕ್ಷಕರೆಲ್ಲ ಹೊರಗೆ ಹೋದರೂ ಕೊನೆಯ ಸಾಲಿನಲ್ಲಿ ಒಬ್ಬ ಕಣ್ಣು ಮುಚ್ಚಿ ಕೂತೇ ಇದ್ದ. ಹೈದರಾಬಾದಿನ ತಾರ್ನಾಕದ ಆ ಥಿಯೇಟರಿನಲ್ಲಿ ಒಂದು ಆಟ ಮುಗಿದು ಇನ್ನೊಂದು ಶುರುವಾಗುವುದರೊಳಗೆ ಕಸ ಗುಡಿಸಲು ಸಿಗುವುದು ಹದಿನೈದೇ ನಿಮಿಷ. ಸುಗಲಮ್ಮ ಪೊರಕೆಯನ್ನು ಅವನ ಕಾಲಿನ ಹತ್ತಿರ ತಂದು "ಲೇವಂಡಿ ಸಾರ್" ಎಂದು ತೆಲುಗಿನಲ್ಲಿ ಎರಡು ಸಲ ಎಬ್ಬಿಸಲು ನೋಡಿದಳು. ಅವನು ಅಲುಗಲಿಲ್ಲ.

"ನಿದ್ದಿ ಹತ್ತೈತಿ ನೋಡು, ಪಾಪ," ಎಂದು ಮುಂದಿನ ಸಾಲಿನಲ್ಲಿ ಗುಡಿಸುತ್ತಿದ್ದ ಉಮಾಶ್ರೀಗೆ ಕನ್ನಡದಲ್ಲಿ ಹೇಳಿದಳು. "ಸಿನಿಮಾ ಹಂಗೈತೇನು?"

"ಓಡಂಗಿಲ್ಲ ದೊಡ್ಡವ್ವ," ಉಮಾಶ್ರೀ ಮೆಲ್ಲಗೆ ಅಂದಳು. "ಇಂಟರ್‌ವಲ್ ತನಕ ಭಾಳ ಚಲೋ ಐತಿ. ಆಮ್ಯಾಲ ಕೆಟ್ಟೈತಿ."

ಕೂತಿದ್ದವನು ಥಟ್ಟನೆ ಎದ್ದು ನಿಂತ. "ಯಾಕೆ ಓಡಲ್ಲ?" ಎಂದು ಕನ್ನಡದಲ್ಲೇ ಕೇಳಿದ.

ಉಮಾಶ್ರೀ ಸುಗಲಮ್ಮನ ಬೆನ್ನ ಹಿಂದೆ ಸರಿದಳು. ಸುಗಲಮ್ಮ ಸೊಂಟದ ಮೇಲೆ ಕೈಯಿಟ್ಟು, "ನೀವ್ಯಾರ್ರೀ?" ಅಂದಳು.

"ನಿತಿನ ಅಂತ. ಈ ಸಿನಿಮಾ ಮಾಡಿದ್ದು ನಾನೇ. ಮೊದಲನೇದು. ಶುಕ್ರವಾರ ಬಿಡುಗಡೆ. ಏನಾದ್ರೂ ತಿದ್ದೋದಿದ್ರೆ ಇವತ್ತೇ ತಿದ್ದಬೇಕು, ಅದಕ್ಕೇ ಜನರನ್ನ ಕರೆಸಿ ತೋರಿಸಿದ್ದು. ಎಲ್ಲರೂ ಕೈ ಕುಲುಕಿ, ಚೆನ್ನಾಗಿದೆ ಅಂದ್ರು. ಒಬ್ಬರ ಮುಖದಲ್ಲೂ ನಗು ಇರಲಿಲ್ಲ. ಏನು ತಪ್ಪಾಯ್ತು ಅಂತಾನೇ ಗೊತ್ತಾಗ್ತಿಲ್ಲ."

"ನೋಡಿದೇನು," ಸುಗಲಮ್ಮ ಹಿಂದೆ ತಿರುಗಿ ಗದರಿದಳು, "ವರ್ಷಕ್ಕೊಮ್ಮೆ ಬಾಯಿ ಬಿಡತಿ, ಅದೂ ಇಂಥವರ ಮುಂದ!"

"ಬೈಬೇಡಿ. ಹೇಳಲಿ," ಅಂದ ನಿತಿನ.

ಉಮಾಶ್ರೀ ಅವನ ಮುಖ ನೋಡದೆ ಕಸದ ಮೊರವನ್ನು ಮುಂದೆ ಚಾಚಿದಳು. "ಸಿನಿಮಾ ಹಿಡಿದ್ರ ಮಂದಿ ಪಾಪ್‌ಕಾರ್ನ್ ಚೆಲ್ತಾರ್ರಿ. ಕಣ್ಣು ಪರದೆ ಮ್ಯಾಲ ಇರ್ತಾವು, ಕೈ ಬಾಯಿಗೆ ಮುಟ್ಟಂಗಿಲ್ಲ. ಬ್ಯಾಸರಾದ್ರ ಚಾದ ಕಪ್ ಹರಕೋಂತ ಕುಂದ್ರತಾರ. ಇಂಟರ್‌ವಲ್‌ನ್ಯಾಗ ಗುಡಿಸಿದಾಗ ಬರೇ ಪಾಪ್‌ಕಾರ್ನ್ ಸಿಕ್ಕಿತ್ತು. ಈಗ ನೋಡ್ರಿ."

ನಿತಿನ ಬಗ್ಗಿ ನೋಡಿದ. ಸಾಲು ಸಾಲಿಗೂ ಕಾಗದದ ಕಪ್ಪಿನ ಚೂರುಗಳು. ಒಬ್ಬರಂತೂ ಆಮಂತ್ರಣ ಪತ್ರದಲ್ಲಿ ಅಂದವಾದ ದೋಣಿ ಮಾಡಿಟ್ಟು ಹೋಗಿದ್ದರು.

"ಎಲ್ಲಿ ಕೆಟ್ಟಿತು ಹಾಗಾದ್ರೆ?"

"ಪೂರಾ ಸಿನಿಮಾ ನಾ ನೋಡಿಲ್ರಿ. ಆಟ ಬಿಡೂತನಕ ಪೊರಕಿ ಹಿಡಕೊಂಡು ಬಾಗಲದಾಗ ನಿಂತಿರ್ತೀವಿ. ಕೊನೀ ಹತ್ತು ನಿಮಿಷ ಅಷ್ಟ ಕಾಣತೈತಿ. ಹೀರೋನ ಅಪ್ಪ ಪರದೆ ಮ್ಯಾಲ ಬಂದಾಗ ಎಲ್ಲಾರೂ ಬಾಜೂದವರನ್ನ ಕೇಳಾಕತ್ತಿದ್ರು, ಇವ ಸತ್ತಿದ್ನಲ್ಲ ಅಂತ. ನಿಮಗ ಕೇಳಿಲ್ಲೇನ್ರಿ?"

"ಇಲ್ಲ. ನಾನೂ ಇಲ್ಲೇ ಇದ್ದೆನಲ್ಲ."

"ನೀವು ಪರದೆ ನೋಡಾಕತ್ತಿದ್ರಿ. ನಾ ಮಂದೀನ್ನ ನೋಡಾಕತ್ತಿದ್ದೆ."

ನಿತಿನ ಕುರ್ಚಿಯ ತೋಳಿನ ಮೇಲೆ ಕುಸಿದು ಕೂತ. "ಅವನು ಬದುಕಿ ಬರೋದಲ್ಲ. ಮಗನಿಗೆ ಹಳೇದೆಲ್ಲ ನೆನಪಾಗೋದು. ಇಂಟರ್‌ವಲ್ ಆದ ಮೇಲೆ ಕಥೆ ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತೆ. ಹಾಗಂತ ಪ್ರತಿ ಸಲ ಪರದೆ ಮೇಲೆ 'ಇಪ್ಪತ್ತು ವರ್ಷಗಳ ಹಿಂದೆ' ಅಂತ ಬರೆಯೋಕೆ ನನಗೆ ಮನಸ್ಸಿಲ್ಲ."

"ಕರೀ-ಬಿಳೀ ಮಾಡಿಬಿಡ್ರಿ," ಸುಗಲಮ್ಮ ಸಲಹೆ ಕೊಟ್ಟಳು. "ಇಲ್ಲಾಂದ್ರ ಆ ಅಪ್ಪನ ಮೀಸಿ ಬೋಳಿಸ್ರಿ."

ನಿತಿನನಿಗೂ ನಗು ಬಂತು. ಉಮಾಶ್ರೀ ಮಾತ್ರ ಏನನ್ನೋ ಯೋಚಿಸುತ್ತಿದ್ದಳು. "ಕೊನೀಗೆ ಮಗ ಒಂದು ತುಕ್ಕು ಹಿಡಿದ ಸೈಕಲ್ ಒರಸ್ತಾನಲ್ರಿ, ಅದು ಅಪ್ಪಂದೇನು?"

"ಹೌದು. ಸಿನಿಮಾ ಉದ್ದಕ್ಕೂ ಅದು ಮಗನ ಹತ್ತಿರ ಹಾಗೇ ಇರುತ್ತೆ."

"ಹಂಗಾರ ಅಪ್ಪ ಇದ್ದಾಗ ಅದು ಹೊಸಾದು ಇದ್ದಿರಬೇಕು. ಅಂವ ಬರೂಕಿಂತ ಮೊದಲ ಆ ಹೊಸಾ ಸೈಕಲ್ ತೋರಿಸಿಬಿಟ್ರ ಯಾರೂ ಯಾರನ್ನೂ ಕೇಳಂಗಿಲ್ಲ."

ನಿತಿನ ಕುರ್ಚಿಯಿಂದ ಎದ್ದುಬಿಟ್ಟ. ಸುಲ್ತಾನ್ ಬಜಾರಿನ ಗದ್ದಲದ ನಡುವೆ ಅಪ್ಪ ಹೊಸ ಸೈಕಲ್ಲನ್ನು, ಸೀಟಿನ ಪ್ಲಾಸ್ಟಿಕ್ ಕೂಡ ಬಿಚ್ಚದೆ, ತಳ್ಳಿಕೊಂಡು ಬರುವ ದೃಶ್ಯವನ್ನು ಅವನು ಚಿತ್ರೀಕರಿಸಿದ್ದ. ನಲವತ್ತು ಸೆಕೆಂಡಿನದು. ಸಿನಿಮಾ ಉದ್ದವಾಯಿತೆಂದು ಅವನೇ ಕತ್ತರಿಸಿ ತೆಗೆದಿದ್ದ.

ಅವನು ಬಾಗಿಲವರೆಗೆ ಓಡಿ, ಅಲ್ಲಿಂದ ಮತ್ತೆ ತಿರುಗಿ ಬಂದ. "ನಿಮಗೇನು ಬೇಕು, ಕೇಳಿ."

ಉಮಾಶ್ರೀ ಪೊರಕೆಯ ಕಡ್ಡಿ ಸರಿಮಾಡುತ್ತ ನಿಂತಳು. "ಇಲ್ಲಿ ಕೆಲಸಕ್ಕ ಬಂದು ಎರಡು ವರ್ಷ ಆತ್ರಿ. ಒಂದು ಸಿನಿಮಾನೂ ಸುರುವಿಂದ ನೋಡಿಲ್ಲ."

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಉಮಾಶ್ರೀ ಆರನೇ ಸಾಲಿನ ನಡುವೆ ಕೂತಳು. ಮಡಿಲಲ್ಲಿ ನಿತಿನ ಕೊಡಿಸಿದ ದೊಡ್ಡ ಡಬ್ಬದ ಪಾಪ್‌ಕಾರ್ನ್. ಅವನು ಮಾತ್ರ ಕೂರಲೇ ಇಲ್ಲ. ಪರದೆಗೆ ಬೆನ್ನು ಮಾಡಿ, ಬಾಗಿಲ ಬಳಿ ಅವಳು ನಿಲ್ಲುವ ಜಾಗದಲ್ಲಿ ನಿಂತು ಜನರ ಮುಖ ನೋಡುತ್ತಿದ್ದ. ಹೊಸ ಸೈಕಲ್ಲಿನ ಗಂಟೆ ಕೇಳಿಸಿತು. ಅದರ ಹಿಂದೆ ಅಪ್ಪ ಬಂದ. ಒಬ್ಬರೂ ಪಕ್ಕಕ್ಕೆ ತಿರುಗಲಿಲ್ಲ.

ದೀಪ ಹತ್ತಿದಾಗ ಜನ ನಗುತ್ತ, ಮೂಗು ಒರೆಸಿಕೊಳ್ಳುತ್ತ ಹೊರಟರು. ಗುಡಿಸುತ್ತ ಬಂದ ಸುಗಲಮ್ಮ ಆರನೇ ಸಾಲಿನಲ್ಲಿ ನಿಂತುಬಿಟ್ಟಳು.

"ಏ ಹುಡುಗಿ! ಇದೇನ ಮಾಡೀದಿ?"

ಉಮಾಶ್ರೀ ಕೆಳಗೆ ನೋಡಿದಳು. ಡಬ್ಬ ಮಡಿಲಿಂದ ಯಾವಾಗಲೋ ಜಾರಿ ಬಿದ್ದಿತ್ತು. ಅವಳ ಕಾಲಿನ ಸುತ್ತ ನೆಲವೆಲ್ಲ ಬೆಳ್ಳಗಾಗಿತ್ತು. ನಾಚಿಕೆಯಿಂದ ಗಡಬಡಿಸಿ ಅವಳು ದೊಡ್ಡವ್ವನ ಕೈಯಿಂದ ಪೊರಕೆ ಕಸಿದುಕೊಂಡಳು.

ಬಾಗಿಲ ಕಡೆಯಿಂದ ನಿತಿನ ಎರಡೂ ಕೈ ಎತ್ತಿಕೊಂಡು ಓಡಿ ಬಂದ. "ಗುಡಿಸಬೇಡಿ, ಗುಡಿಸಬೇಡಿ! ಒಂದು ನಿಮಿಷ ಹಾಗೇ ಇರಲಿ."