ಉಣ್ಣುವ ಕೈ

"ಅಕ್ಕೋರೇ, ಇವತ್ತು ರೋಬೋಟ್ ನೀವೇ ಆಗ್ಬೇಕಂತೆ! ಬನ್ನಿ, ಬನ್ನಿ!"

ಎರಡನೇ ತರಗತಿಯ ಮಕ್ಕಳೆಲ್ಲ ಬಂದು ಸೆರಗು ಜಗ್ಗಿದಾಗ ಮಹೇಶ್ವರಿ ಅಕ್ಕೋರಿಗೆ ಖುಷಿಯಾಗಬೇಕಿತ್ತು. ಆದರೆ ಕರೆಕಳಿಸಿದವಳು ಕಾವ್ಯಶ್ರೀ ಎಂದು ತಿಳಿದದ್ದೇ ತಡ, ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಉರಿಯದೆ ಇನ್ನೇನು? ಹದಿನೆಂಟು ವರ್ಷ ಈ ಶಾಲೆಯಲ್ಲಿ ಮಕ್ಕಳ ಕೈ ಹಿಡಿದು ತಿದ್ದಿಸಿದವರು ಯಾರು, ಮೂಗು ಒರೆಸಿದವರು ಯಾರು? ಜೂನ್‌ನಲ್ಲಿ ಅತಿಥಿ ಶಿಕ್ಷಕಿಯಾಗಿ ಬಂದ ಈ ಹುಡುಗಿ ಶಿರಸಿಯಲ್ಲಿ ಮೂರು ದಿನ ತರಬೇತಿ ಮುಗಿಸಿ ಬಂದವಳೇ ಜಗಲಿ ತುಂಬ ಸೀಮೆಸುಣ್ಣದಲ್ಲಿ ಚೌಕ ಗೀಚಿ, ಇದು ಕೋಡಿಂಗ್ ಅಂದಳು. ಕಂಪ್ಯೂಟರ್ ಬೇಡವಂತೆ, ಕರೆಂಟೂ ಬೇಡವಂತೆ! ಒಬ್ಬರು ರೋಬೋಟ್ ಆಗಿ ಚೌಕದಲ್ಲಿ ನಿಲ್ಲುವುದು, ಇನ್ನೊಬ್ಬರು 'ಮುಂದೆ', 'ಎಡ', 'ಬಲ' ಎಂದು ಬರೆದ ರಟ್ಟಿನ ಚೀಟಿ ಜೋಡಿಸಿ, ಓದಿ ಓದಿ ನಡೆಸುವುದು. ಅಷ್ಟಕ್ಕೇ ಮಕ್ಕಳು ಕಾವ್ಯಕ್ಕೋರು, ಕಾವ್ಯಕ್ಕೋರು ಎಂದು ಅವಳ ಬೆನ್ನಿಗೇ ಬಿದ್ದಿದ್ದವು.

ಬೀಳಲಿ, ಉಳಿದವು ಬೀಳಲಿ. ದೇವಿಯೂ ಬೀಳಬೇಕೆ? ಹೋದ ವರ್ಷ ಶಾಲೆಗೆ ಸೇರಿದಾಗ ಮೂರು ವಾರ ಅತ್ತು ಕರೆದು, ಮಹೇಶ್ವರಿ ಅಕ್ಕೋರ ಮಡಿಲು ಬಿಟ್ಟು ಇಳಿಯದ ಮಗು ಅದು. ಎಡ ಬಲ ತಿಳಿಯದೆ ಚಪ್ಪಲಿ ತಿರುವುಮುರುವು ಹಾಕಿಕೊಂಡು ಬರುತ್ತಿತ್ತು. ಬಟ್ಟಲ ಮುಂದೆ ಕೂರಿಸಿ, "ಉಣ್ಣೋ ಕೈ ಯಾವ್ದೇ? ಅದೇ ಬಲಗೈ" ಎಂದು ಕಲಿಸಿದ್ದು ಇದೇ ಅಕ್ಕೋರು. ಅಂದಿನಿಂದ ದಿನಾ ಬೆಳಿಗ್ಗೆ ಅವರ ಮೇಜಿನ ಮೇಲೆ ದೇವಿಯ ಮನೆಯಂಗಳದ ಒಂದು ಡೇರೆ ಹೂವು ತಪ್ಪುತ್ತಿರಲಿಲ್ಲ. ಇವತ್ತು ಆ ಹೂವು ಕಾವ್ಯಶ್ರೀಯ ಜಡೆಯಲ್ಲಿತ್ತು.

"ಬರ್ತೆ, ನಡೀರಿ" ಎಂದು ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಇವಳ ಆಟ ಇವತ್ತು ಹೇಗೆ ನಡೆಯುತ್ತದೋ ನೋಡಿಯೇ ಬಿಡುವ ಎಂದುಕೊಂಡರು.

ಬಾಗಿಲಿನಿಂದ ಹೊರಟ ರೋಬೋಟ್ ಬಲಗಡೆ ಮೂಲೆಯ ನೀರಿನ ಕೊಡ ಮುಟ್ಟಬೇಕು. ಚೀಟಿ ಜೋಡಿಸುವ ಸರದಿ ದೇವಿಯದು. ಅಕ್ಕೋರು ಬಾಗಿಲ ಬಳಿಯ ಮೊದಲ ಚೌಕದಲ್ಲಿ ನಿಂತರು. ದೇವಿ ಚೀಟಿಗಳನ್ನು ಹಿಡಿದು ಅವರ ಬೆನ್ನ ಹಿಂದೆ ನಿಂತಳು.

"ನೆನಪಿದೆ ಅಲ್ದಾ ಮಕ್ಕಳೇ?" ಎಂದಳು ಕಾವ್ಯಶ್ರೀ. "ರೋಬೋಟ್ ತಪ್ಪು ಮಾಡೂದಿಲ್ಲ. ಹೇಳಿದಷ್ಟೇ ಮಾಡ್ತದೆ. ದಾರಿ ತಪ್ಪಿದ್ರೆ ನಮ್ಮ ಚೀಟಿಯಲ್ಲೇ ಎಲ್ಲೋ ತಪ್ಪಿದೆ ಅಂತ ಲೆಕ್ಕ."

"ಮುಂದೆ" ಎಂದು ಓದಿದಳು ದೇವಿ. ಅಕ್ಕೋರು ಒಂದು ಚೌಕ ದಾಟಿದರು. "ಮುಂದೆ." ಇನ್ನೊಂದು. "ಬಲ."

ಅಕ್ಕೋರು ಬೇಕಂತಲೇ ಎಡಕ್ಕೆ ತಿರುಗಿದರು.

ಮಕ್ಕಳು ಹೋ ಎಂದವು. ದೇವಿ ಚೀಟಿ ನೋಡಿದಳು, ಕೊಡ ನೋಡಿದಳು. ಮತ್ತೆ ಮೊದಲಿಂದ ನಡೆಸಿದಳು. "ಬಲ" ಎಂದಾಗ ಅಕ್ಕೋರು ಮತ್ತೆ ಎಡಕ್ಕೇ ತಿರುಗಿದರು. ಕಾವ್ಯಶ್ರೀ "ಅಕ್ಕೋರೇ..." ಎಂದು ಬಾಯಿ ತೆರೆದವಳು, ಹಿರಿಯರ ಮುಖ ನೋಡಿ, ಬಗ್ಗಿ ಅಳಿಸಿಹೋದ ಗೆರೆ ತಿದ್ದತೊಡಗಿದಳು. ಅಬ್ಬ, ಆ ಗಳಿಗೆಯ ಸುಖವೇ!

"ಏ, ಅಕ್ಕೋರೇ ತಪ್ಪು ತಿರುಗಿದ್ರು!" ಎಂದು ಭರತ್ ಕೂಗಿದ.

"ಸುಮ್ನಿರೋ! ನಮ್ಮ ಅಕ್ಕೋರು ತಪ್ಪೂದೇ ಇಲ್ಲ" ಎಂದು ದೇವಿ ಅವನ ಮೇಲೆ ಹರಿಹಾಯ್ದಳು. ತನ್ನೆರಡೂ ಅಂಗೈ ಬಿಡಿಸಿ ಬಹಳ ಹೊತ್ತು ನೋಡಿಕೊಂಡಳು. 'ಬಲ' ತೆಗೆದು ಆ ಜಾಗದಲ್ಲಿ 'ಎಡ' ಇಟ್ಟಳು.

ನಮ್ಮ ಅಕ್ಕೋರು! ಮೂರು ತಿಂಗಳಿಂದ ಆ ಮಾತಿಗಾಗಿ ಬಾಯಿ ಬಿಡುತ್ತಿದ್ದ ಜೀವ ಒಮ್ಮೆಲೇ ಕರಗಿತು. ಪಾಪ, ಮಗು ಗೆಲ್ಲಲಿ ಎಂದು, ಈ ಸಲ "ಎಡ" ಎಂದಾಗ ಅಕ್ಕೋರು ಬಲಕ್ಕೆ ತಿರುಗಿ, ಸೀದಾ ಹೋಗಿ ಕೊಡ ಮುಟ್ಟಿದರು. ಮಕ್ಕಳು ಚಪ್ಪಾಳೆ ಹೊಡೆದವು. ದೇವಿ ಓಡಿ ಬಂದು ಅವರ ಸೊಂಟ ತಬ್ಬಿಕೊಂಡಳು. ಅಕ್ಕೋರು ಅವಳ ತಲೆಯ ಮೇಲಿಂದ ಕಾವ್ಯಶ್ರೀಯನ್ನು ನೋಡಿದರು. ಅವಳು ನೆಲದ ಚೀಟಿಗಳನ್ನು ಹೆಕ್ಕುತ್ತಿದ್ದಳು.

ಮಧ್ಯಾಹ್ನದ ಬಿಸಿಯೂಟಕ್ಕೆ ಮಕ್ಕಳ ಸಾಲಿನಲ್ಲೇ ಅಕ್ಕೋರೂ ಕೂತರು. ಎಷ್ಟೋ ದಿನದ ಮೇಲೆ ಅನ್ನ ಸಾರು ರುಚಿಯೆನಿಸಿತ್ತು. ಅಷ್ಟರಲ್ಲಿ ಬಡಿಸುತ್ತ ಬಂದ ಅಡುಗೆಯ ಗುರುಶಾಂತವ್ವ ಸೌಟು ಹಿಡಿದು ಹಾಗೇ ನಿಂತಳು.

"ಏ ಹುಡುಗಿ, ಇದೇನ ಹೊಸಾದು? ಯಾವ ಕೈಲೆ ಉಣ್ಣಾಕ ಹತ್ತೀ?"

ದೇವಿ ಎಡಗೈಯಲ್ಲಿ ಅನ್ನ ಕಲೆಸುತ್ತಿದ್ದಳು. ಬೆರಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಎತ್ತಿದ ತುತ್ತಿನಲ್ಲಿ ಅರ್ಧ ಲಂಗದ ಮೇಲೆ ಬಿದ್ದಿತ್ತು.

"ಇಷ್ಟು ದಿನ ನಾ ತಪ್ಪು ಕೈಲಿ ಉಣ್ತಿದ್ದೆ" ಎಂದಳು ದೇವಿ. ಆಮೇಲೆ ಮಹೇಶ್ವರಿ ಅಕ್ಕೋರ ಕಡೆ ತಿರುಗಿ, ಅವರ ಕೈಯಲ್ಲೇ ನಿಂತುಹೋದ ತುತ್ತನ್ನು ನೋಡಿ ಗಾಬರಿಯಾದಳು.

"ಅಯ್ಯೋ ಅಕ್ಕೋರೇ, ನೀವೂ ತಪ್ಪು ಕೈಲೇ ಉಣ್ತಿದ್ರಲ್ಲ!"