ಟಿಕೆಟ್ಟಿಗೂ ಸೀಟಿಗೂ ಮಾತಿಲ್ಲ

“ಆಕೀಗೆ ಹೇಳು ಫಕೀರವ್ವಾ! ನನಗೊಂದ್ ಮಾತ್ ಹೇಳದ ಸೀಟಿನ ನಂಬರ್ ಹೆಂಗ ಬದಲ್ ಮಾಡಿದ್ಲು?” ಎಂದು ಬಸ್ ಕಂಪನಿಯ ಕಂಪ್ಯೂಟರಿನೊಳಗಿಂದ ಟಿಕೆಟ್ ಕೊಡುವ ತಂತ್ರಾಂಶ ಕೂಗಿತು.

“ನಾ ಯಾಕ ಹೇಳ್ಲಿ? ಆಕಿ ಏನ್ ನನ್ನ ಅತ್ತೀನ?” ಎಂದಿತು ಸೀಟು ಹಂಚುವ ತಂತ್ರಾಂಶ.

ಒಂದು ಬದಲಾದರೆ ಇನ್ನೊಂದಕ್ಕೆ ಮುನಿಸು. ನಡುವೆ ಮಾತು ಸಾಗಿಸುವುದೇ ಫಕೀರವ್ವನ ನೌಕರಿ. ಮಗಳು ಹೆತ್ತು ವಾರವಾದರೂ ಮೊಮ್ಮಗಳ ಮುಖ ನೋಡಲು ಅವಳಿಗೆ ರಜೆ ಸಿಕ್ಕಿರಲಿಲ್ಲ.

“ನಿಮ್ಮ ಬಾಯಾಗ ಮಣ್ಣ ಹಾಕ! ಇನ್ನ ನೀವ ಮಾತಾಡ್ಕೋರಿ!” ಎಂದು ಫಕೀರವ್ವ ಎದ್ದು ನಿಂತಳು.

ಟಿಕೆಟ್ ಕೊಡುವುದು ನಿಂತುಹೋಯಿತು. ಹೊರಗೆ ನಿಂತ ಬಸ್ಸುಗಳು ಹಾರ್ನ್ ಹೊಡೆದವು.

“ಅಕ್ಕಾ, ಈಗ ಎಣಿಕಿ ಹಿಂದಿನ ಸೀಟಿಂದ ಶುರು,” ಎಂದಿತು ಸೀಟು ಟಿಕೆಟ್ಟಿಗೆ ಮೆಲ್ಲಗೆ.

“ಮೊದಲ ಹೇಳಬಾರದೇನ ಹುಚ್ಚಿ! ಫಕೀರವ್ವಗ ಕಿಟಕಿ ಪಕ್ಕದ್ದ ಕೊಡು,” ಎಂದು ಟಿಕೆಟ್ಟು ನಕ್ಕಿತು.

ಮೊಮ್ಮಗಳಿಗೆಂದು ಹೊಲಿದಿಟ್ಟ ಕುಲಾವಿಯನ್ನು ಚೀಲಕ್ಕೆ ತುರುಕಿಕೊಂಡು ಫಕೀರವ್ವ ಹೊರಬಿದ್ದಳು. ಆ ನೌಕರಿಗೆ ಮತ್ತೆ ಮರಳಲೇ ಇಲ್ಲ.